ಹುಡುಗಿಯ ಹೆಸರಿನಲ್ಲಿ ಬಡಿದ ಎದೆ

"ಬಾಗಿಲು ಬಿಡಿ! ಸಾಕ್ಸ್ ಹಾಕಿ ಬಂದ್ಬಿಡ್ತೀನಿ, ಅಷ್ಟೇ!"

ಅವಳ ಬಲಗೈ ಐಸಿಯು ಬಾಗಿಲ ಸಂದಿಯೊಳಗಿತ್ತು. ಮುಷ್ಟಿಯಲ್ಲಿ ಒಂದು ಜೊತೆ ಪುಟ್ಟ ಸಾಕ್ಸ್. ಕೈಯಲ್ಲೇ ಹೆಣೆದದ್ದು, ಕೆಂಪು ಬಣ್ಣ, ಹಿಮ್ಮಡಿಗೆ ಬಿಳಿ ಪಟ್ಟಿ. ಎಡಗೈಯನ್ನು ಕಾವಲಿನವನು ಹಿಂದಕ್ಕೆ ಎಳೆದು ಹಿಡಿದಿದ್ದ. ಒಳಗಿನಿಂದ ನರ್ಸ್ ಬಾಗಿಲನ್ನು ಭುಜ ಕೊಟ್ಟು ತಳ್ಳುತ್ತಿದ್ದಳು.

"ಕೈ ತೆಗೀರಿ ಅಮ್ಮಾ, ಬೆರಳು ಜಜ್ಜಿ ಹೋಗುತ್ತೆ."

"ಹೋಗ್ಲಿ. ಅವಳ ಕಾಲು ತಣ್ಣಗಾಗಿರುತ್ತೆ. ಯಾರಾದ್ರೂ ಮುಟ್ಟಿ ನೋಡಿದ್ದೀರಾ? ಯಂತ್ರ ನೋಡ್ತೀರ, ಕಾಲು ಮುಟ್ಟಲ್ಲ!"

"ಆಕೆ ಕೈ ಬಿಡಪ್ಪಾ," ಅಂದಿತು ಹಿಂದಿನಿಂದ ಒಂದು ದನಿ.

ಕಾವಲಿನವನು ತಿರುಗಿದ. ಖಾಕಿ ಕಂಡ. ಬಿಟ್ಟ.

ಬಂದವಳು ಇನ್‌ಸ್ಪೆಕ್ಟರ್. ಸ್ಟೇಷನ್ನಿನಲ್ಲಿ ಆಕೆಗೆ ಸೂಜಿ ಎಂದು ಅಡ್ಡಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಆಕೆಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಬೆನ್ನ ಹಿಂದೆ ಆಕೆಯ ಅಪ್ಪನ ವಯಸ್ಸಿನ ಪೇದೆ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ಎಂಥ ಹೆಣ ಕಂಡರೂ ಅಲುಗದ ಮನುಷ್ಯ. ಆಸ್ಪತ್ರೆಯ ವಾಸನೆಯೊಂದನ್ನು ಮಾತ್ರ ತಡೆಯಲಾರ.

"ಇವರೇ ಆ ತಾಯಿ, ಮೇಡಂ," ಅಂದಳು ನರ್ಸ್, ದನಿ ತಗ್ಗಿಸಿ. "ಒಳಗೆ ಬಿಡಬಾರದು ಅಂತ ದೊಡ್ಡ ಡಾಕ್ಟರ ಆರ್ಡರ್. ಮಗುಗೆ ಅಪಾಯ ಅಂತೆ."

"ಯಾರಿಂದ?"

ನರ್ಸ್ ತಾಯಿಯ ಕಡೆ ಕಣ್ಣು ಹಾಯಿಸಿದಳು. ಬಾಗಿಲು ಮುಚ್ಚಿತು. ಸಾಕ್ಸ್ ಹೊರಗೇ ಉಳಿಯಿತು.

* * *

ದೊಡ್ಡ ಡಾಕ್ಟರು ನಿಜಕ್ಕೂ ದೊಡ್ಡವರು. ಎತ್ತರ, ದನಿ, ಮೇಜು, ಎಲ್ಲವೂ. ಮಕ್ಕಳ ಹೃದಯ ವಿಭಾಗ ಅವರದ್ದೇ. ಗೋಡೆ ತುಂಬ ಅವರದ್ದೇ ಫೋಟೋಗಳು. ಒಂದರಲ್ಲಿ ಹಾರ, ಒಂದರಲ್ಲಿ ಕತ್ತರಿ ಹಿಡಿದು ರಿಬ್ಬನ್. ಇನ್ನೊಂದರಲ್ಲಿ ಅಂಗಿಯ ಗುಂಡಿ ಬಿಚ್ಚಿ ಪರೀಕ್ಷೆಯ ಹಾಸಿಗೆ ಮೇಲೆ ಮಲಗಿ, ಸುತ್ತ ನಿಂತ ಕೋಟಿನವರ ಕಡೆ ನೋಡಿ ನಗುತ್ತಿದ್ದರು.

"ದೊಡ್ಡೋರಿಗೂ ನಮ್ಮ ಹಾಗೇ ಹೊಟ್ಟೆ ಇದೆ ಮೇಡಂ," ಪೇದೆ ಕಿವಿಯಲ್ಲಿ ಪಿಸುಗುಟ್ಟಿದ.

"ಸುಮ್ನಿರಿ."

ಡಾಕ್ಟರು ವಿಷಯಕ್ಕೆ ಬಂದರು. ಹುಡುಗಿಗೆ ಐದು ವರ್ಷ. ಹುಟ್ಟುವಾಗಲೇ ಹೃದಯದ ನಡುಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು. ಹಸುಗೂಸಿದ್ದಾಗಲೇ ಬೇರೆ ಕಡೆ ಆಪರೇಷನ್ ಆಗಿದೆ. ಆಮೇಲೆ ವರ್ಷಕ್ಕೊಮ್ಮೆ ಇಲ್ಲಿ ಎಕೋ. ಶಬ್ದದ ಅಲೆ ಕಳಿಸಿ ಹೃದಯದ ಚಿತ್ರ ತೆಗೆಯೋದು, ಹೇಗೆ ಹಿಂಡುತ್ತಿದೆ ಅಂತ ನೋಡೋದು. ಹೋದ ವರ್ಷ ಎಲ್ಲಾ ಚೆನ್ನಾಗಿತ್ತು. ನಿನ್ನೆ ಶಾಲೆಯಲ್ಲಿ ಕುಸಿದು ಬಿದ್ದಳು. ಈಗ ಹೃದಯ ಸುಸ್ತಾಗಿ ಹೋಗಿದೆ.

"ಒಂದೇ ವರ್ಷದಲ್ಲಿ ಹೀಗಾಗ್ಬೇಕಾದ್ರೆ ಒಂದೇ ಕಾರಣ. ಮಾತ್ರೆ ಕೊಟ್ಟಿಲ್ಲ. ಇಂಥ ತಾಯಂದಿರನ್ನ ನಾನು ತುಂಬಾ ನೋಡಿದ್ದೀನಿ ಇನ್‌ಸ್ಪೆಕ್ಟರೇ. ಕಾಯಿಲೆ ಮಗು ಸಾಕೋಕೆ ಬೇಜಾರು. ಆದ್ರೆ ಅಳೋದ್ರಲ್ಲಿ ಎಲ್ಲರಿಗಿಂತ ಮುಂದೆ."

"ಹೋದ ವರ್ಷ ಚೆನ್ನಾಗಿತ್ತು ಅನ್ನೋದಕ್ಕೆ?"

ಅವರು ಕಂಪ್ಯೂಟರನ್ನು ಆಕೆಯ ಕಡೆ ತಿರುಗಿಸಿದರು. ಕಪ್ಪು ಪರದೆ. ಅದರಲ್ಲಿ ಬೂದು ಬಣ್ಣದ ಬೀಸಣಿಗೆ. ಬೀಸಣಿಗೆಯೊಳಗೆ ಒಂದು ಹೃದಯ, ಹಿಂಡುತ್ತ, ಬಿಚ್ಚಿಕೊಳ್ಳುತ್ತ. ಮೇಲೆ ಹುಡುಗಿಯ ಹೆಸರು. ಪಕ್ಕದಲ್ಲಿ ಅಳತೆಪಟ್ಟಿಯಂಥ ಗೀಟುಗಳು, ತುದಿಯಲ್ಲಿ ಹದಿನಾರು ಎಂಬ ಅಂಕಿ.

"ನೋಡಿ ಹೇಗೆ ಹಿಂಡ್ತಿದೆ. ಕುದುರೆ ಹಾಗೆ! ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀನಿ, ನನ್ನ ದೂರಿನ ಜೊತೆ ಸೇರಿಸ್ಕೊಳ್ಳಿ. ನಿಮಗೆ ಅರ್ಥ ಆಗಲ್ಲ, ಆದ್ರೂ ಸಾಕ್ಷಿಗಿರಲಿ."

ಸೂಜಿ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡಳು. ಅರ್ಥ ಆಗಲ್ಲ ಅನ್ನುವ ಮಾತನ್ನೂ ಅದರ ಜೊತೆಗೇ ಇಟ್ಟುಕೊಂಡಳು.

"ಸಂಜೆ ಮಕ್ಕಳ ರಕ್ಷಣೆಯವರು ಬರ್ತಾರೆ," ಅಂದರು ಡಾಕ್ಟರು. "ನೀವು ತಾಯಿ ತಪ್ಪಿತಸ್ಥೆ ಅಂತ ಬರೆದು ಕೊಟ್ರೆ ಮಗು ಅವರ ವಶಕ್ಕೆ. ಕೆಲಸ ಮುಗೀತು."

ಮಗು ಬದುಕುತ್ತಾಳಾ ಎಂದು ಸೂಜಿ ಕೇಳಿದಳು. ಡಾಕ್ಟರು ಗಡಿಯಾರ ನೋಡಿಕೊಂಡರು.

* * *

ತಾಯಿ ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಬಟ್ಟೆ ಹೊಲಿಯುವವಳು. ತೋರುಬೆರಳಿನ ತುದಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಒರಟಾಗಿತ್ತು. ಪೇದೆ ಆಕೆಯ ಚೀಲ ತೆರೆದ. ಮಗುವಿನ ಎರಡು ಫ್ರಾಕು, ಬಾಚಣಿಗೆ, ತಳದಲ್ಲಿ ಮಾತ್ರೆಯ ಡಬ್ಬಿಗಳು. ಒಂದನ್ನೂ ಒಡೆದಿರಲಿಲ್ಲ.

ಪೇದೆ ಸೂಜಿಯ ಮುಖ ನೋಡಿದ. ಸೂಜಿಯ ಹುಬ್ಬು ಗಂಟಾಯಿತು. ಡಾಕ್ಟರ ಮಾತು ನಿಜವಾಗುವ ಹಾಗಿತ್ತು.

"ಇದೇನಮ್ಮ? ಹಾಗೇ ಇವೆಯಲ್ಲ?"

"ಮುಂದಿನ ತಿಂಗಳದ್ದು ಮೇಡಂ. ಒಂದ್ಸಲ ಅಂಗಡೀಲಿ ಸ್ಟಾಕ್ ಇಲ್ಲ ಅಂದ್ಬಿಟ್ರು. ಊರೆಲ್ಲಾ ಸುತ್ತಿದೆ. ಅವತ್ತಿಂದ ಮುಂಚೇನೇ ತಂದಿಟ್ಕೊಳ್ತೀನಿ. ಒಡೆದಿದ್ದು ಮನೇಲಿದೆ. ಹೋಗಿ ನೋಡ್ಕೊಳ್ಳಿ, ಬೀಗದಕೈ ತಗೊಳ್ಳಿ." ಬೀಗದಕೈ ಬೆಂಚಿನ ಮೇಲೆ ಠಣ್ಣನೆ ಬಿತ್ತು. "ಮಾತ್ರೆ ಕೊಡದೆ ಇರೋಕೆ ನಾನೇನು ಮಲತಾಯಾ? ಮಲತಾಯಿನೂ ಕೊಡ್ತಾಳೆ!"

"ಹೋದ ವರ್ಷ ಎಕೋ ಮಾಡಿಸೋಕೆ ನೀವೇ ಕರ್ಕೊಂಡು ಬಂದಿದ್ರಾ?"

"ಇನ್ಯಾರು ಬರ್ತಾರೆ?"

"ಒಳಗೆ ಏನು ನಡೀತು ನೋಡಿದ್ರಾ?"

"ಅಮ್ಮಂದಿರನ್ನ ಬಿಡಲ್ಲ. ದೊಡ್ಡ ಡಾಕ್ಟರ ರೂಲು. ಅಮ್ಮ ಇದ್ರೆ ಮಕ್ಕಳು ಜಾಸ್ತಿ ಅಳ್ತಾರಂತೆ. ನಿದ್ದೆ ಸಿರಪ್ ಕುಡಿಸಿ, ಮಲಗಿದ ಮೇಲೆ ಎತ್ಕೊಂಡು ಹೋದ್ರು. ಅವತ್ತು ಒಳಗೆ ತುಂಬಾ ಜನ, ನಗು, ಚಪ್ಪಾಳೆ. ಎಷ್ಟೋ ಹೊತ್ತಾದ ಮೇಲೆ ಇವಳು ಎದ್ದು ಕಿರುಚಿದ್ದು ಕೇಳಿಸ್ತು. ತಂದು ಕೈಗೆ ಕೊಟ್ರು. ಎಲ್ಲಾ ಚೆನ್ನಾಗಿದೆ, ಹೋಗಿ ಬನ್ನಿ ಅಂದ್ರು." ಅವಳು ಚೀಲದ ಫ್ರಾಕನ್ನು ಸವರಿದಳು. "ನನಗೆ ಖುಷಿಯಾಯ್ತು ಮೇಡಂ. ಹೊಸ ಯಂತ್ರ ಎಷ್ಟು ಒಳ್ಳೇದು, ಅಂಟೇ ಇಲ್ಲ ಅಂತ."

"ಯಾವ ಅಂಟು?"

"ಎದೆಗೆ ಸವರ್ತಾರಲ್ಲ, ಜೆಲ್ಲು. ಎಷ್ಟು ಒರೆಸಿದ್ರೂ ಫ್ರಾಕಿಗೆ ಹತ್ಕೊಂಡೇ ಬರುತ್ತೆ. ಪ್ರತಿ ಸಲ ಮನೆಗೆ ಹೋದ ತಕ್ಷಣ ಉಜ್ಜಿ ತೊಳೀಬೇಕು. ಹೋದ ವರ್ಷ ಎದೆ ಒಣಗಿತ್ತು. ಫ್ರಾಕು ಹಾಕಿದ್ದು ಹಾಕಿದ ಹಾಗೇ ಇತ್ತು."

ಪೇದೆಗೆ ಇದು ಹೆಂಗಸರ ಮಾತು ಅನಿಸಿರಬೇಕು, ಆಕಳಿಸಿದ. ಸೂಜಿ ಆಕಳಿಸಲಿಲ್ಲ.

* * *

ಐಸಿಯು ಒಳಗೆ ಎಕೋ ಯಂತ್ರವನ್ನು ಹುಡುಗಿಯ ಹಾಸಿಗೆಯ ಪಕ್ಕಕ್ಕೇ ಉರುಳಿಸಿ ತಂದಿದ್ದರು. ಅದರ ಪ್ರೋಬ್, ಅಂದರೆ ಎದೆಗೆ ಒತ್ತುವ ಹಿಡಿಕೆ, ಹಿಡಿದಿದ್ದವನು ತಂತ್ರಜ್ಞ. ಸದಾ ಬೆರಳು ಅಂಟಂಟಾಗಿರುತ್ತಿದ್ದದ್ದಕ್ಕೆ ಅವನನ್ನು ಎಲ್ಲರೂ ಜೆಲ್ಲಣ್ಣ ಅನ್ನುತ್ತಿದ್ದರು. ಪಕ್ಕದಲ್ಲಿ ಚಿತ್ರ ನೋಡುತ್ತಿದ್ದವಳು ಈಚೆಗಷ್ಟೇ ಕೆಲಸಕ್ಕೆ ಸೇರಿದ ಹೊಸ ಡಾಕ್ಟರ್. ನಿನ್ನೆ ಹುಡುಗಿಯನ್ನು ಒಳಗೆ ಸೇರಿಸಿಕೊಂಡವಳು ಅವಳೇ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಜೆಲ್ಲಣ್ಣ ಪ್ರೋಬನ್ನು ಎದೆಗೆ ಇಡುವ ಮೊದಲು ಬಾಗಿದ. "ನಿನ್ನ ಹೆಸರೇನು ಪುಟ್ಟಿ?"

ಹುಡುಗಿ ಆಮ್ಲಜನಕದ ಮಾಸ್ಕಿನ ಒಳಗಿಂದಲೇ ಹೆಸರು ಹೇಳಿದಳು. ಮಾಸ್ಕು ಮಂಜಾಯಿತು. ಜೆಲ್ಲಣ್ಣ ಪರದೆಯ ಮೇಲಿನ ಹೆಸರು ನೋಡಿ ತಲೆಯಾಡಿಸಿದ.

"ಹೆಸರು ಗೊತ್ತಿದ್ದೂ ಕೇಳ್ತೀರಲ್ಲ?" ಅಂದಳು ಸೂಜಿ.

"ಕೇಳಲೇಬೇಕು ಮೇಡಂ. ಹಿಂದಿನ ಮಗು ಹೆಸರು ಮುಚ್ಚದೆ ಶುರು ಮಾಡಿದ್ರೆ ಇವಳ ಎದೆ ಆ ಮಗು ಲೆಕ್ಕಕ್ಕೆ ಹೋಗಿ ಕೂತ್ಕೊಳ್ಳುತ್ತೆ. ಯಂತ್ರಕ್ಕೆ ಏನು ಗೊತ್ತು? ಇಟ್ಟಿದ್ದು ನೋಡುತ್ತೆ, ಬರೆದಿದ್ದು ನಂಬುತ್ತೆ."

ಪರದೆಯಲ್ಲಿ ಹೃದಯ ಮೂಡಿತು. ಪೊಲೀಸಿನ ಕಣ್ಣಿಗೂ ತಿಳಿಯುವಂತಿತ್ತು. ಒಂದು ಕೋಣೆ ಬಲೂನಿನ ಹಾಗೆ ಉಬ್ಬಿ, ಹಿಂಡಲೋ ಬೇಡವೋ ಎನ್ನುವಂತೆ ಅಲುಗುತ್ತಿತ್ತು.

"ಬಲಗಡೆ ಕೋಣೆ," ಹೊಸ ಡಾಕ್ಟರ್ ಹೇಳಿದಳು. "ತೂತು ಮುಚ್ಚಿ, ಕಿರಿದಾದ ದಾರಿ ಅಗಲ ಮಾಡೋ ಆಪರೇಷನ್ ಆದ ಮಕ್ಕಳಲ್ಲಿ ಶ್ವಾಸಕೋಶದ ಕಡೆ ಇರೋ ಕವಾಟ ಸೋರುತ್ತೆ. ಹೋದ ರಕ್ತ ವಾಪಸ್ ಬರುತ್ತೆ. ಕೋಣೆ ಉಬ್ಬುತ್ತೆ, ಮೆಲ್ಲಗೆ ಸೋಲುತ್ತೆ. ಅದಕ್ಕೇ ವರ್ಷವರ್ಷ ನೋಡೋದು. ಉಬ್ಬೋಕೆ ಶುರುವಾದಾಗಲೇ ಹೊಸ ಕವಾಟ ಹಾಕಿದ್ರೆ ಮಗು ಓಡಾಡ್ಕೊಂಡಿರುತ್ತೆ."

"ಇಷ್ಟು ಉಬ್ಬೋಕೆ ಒಂದು ವರ್ಷ ಸಾಕಾ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಇದು ನಿಧಾನವಾಗಿ ಆಗಿರೋದು. ಮಾತ್ರೆ ಕೊಟ್ರೂ ಆಗುತ್ತೆ, ಬಿಟ್ರೂ ಆಗುತ್ತೆ. ಹೋದ ವರ್ಷದ ಚಿತ್ರ ತೋರಿಸಿ ಅಂತ ನಿನ್ನೆಯಿಂದ ಕೇಳ್ತಿದ್ದೀನಿ. ಅದು ದೊಡ್ಡ ಡಾಕ್ಟರ ಕಂಪ್ಯೂಟರಲ್ಲಿ ಮಾತ್ರ ತೆರೆಯುತ್ತೆ. ಪೊಲೀಸ್ ವಿಷಯ, ನಿಮಗೆ ಬೇಡ ಅಂದ್ರು."

ಸೂಜಿಯ ಕಣ್ಣು ಪರದೆಯ ಅಂಚಿನಲ್ಲಿತ್ತು. ಅದೇ ಗೀಟುಗಳು. ತುದಿಯಲ್ಲಿ ಬೇರೆ ಅಂಕಿ.

"ಈ ಒಂಬತ್ತು ಅಂದ್ರೇನು?"

"ಆಳ. ಚರ್ಮದಿಂದ ಒಳಗೆ ಎಷ್ಟು ಸೆಂಟಿಮೀಟರ್ ನೋಡ್ತಿದ್ದೀವಿ ಅಂತ. ಮಗು ಎದೆ ಸಣ್ಣದು, ಒಂಬತ್ತು ಧಾರಾಳ. ದೊಡ್ಡವರಿಗಾದ್ರೆ ಹದಿನೈದು, ಹದಿನಾರು ಬೇಕು."

ಸೂಜಿ ಆ ಅಂಕಿಯ ಮೇಲೆ ಬೆರಳಿಟ್ಟಳು.

"ಡಾಕ್ಟರೇ, ಮಕ್ಕಳು ಬೆಳೀತಾರೆ ಅಲ್ವಾ? ಕುಗ್ಗಲ್ಲ?"

"ಅಂದ್ರೆ?"

"ಈ ವರ್ಷ ಹೃದಯ ಉಬ್ಬಿದೆ. ಆದ್ರೂ ಒಂಬತ್ತರಲ್ಲಿ ಹಿಡೀತಿದೆ. ಹೋದ ವರ್ಷ ಎಲ್ಲಾ ಚೆನ್ನಾಗಿತ್ತಂತೆ. ಆಗ ಅದು ಹದಿನಾರು ತುಂಬ್ಕೊಂಡಿತ್ತು."

ಜೆಲ್ಲಣ್ಣನ ಕೈ ಎದೆಯ ಮೇಲೇ ನಿಂತುಬಿಟ್ಟಿತು. ಸೂಜಿ ಜೇಬಿಗೆ ಕೈ ಹಾಕಿ ಪೆನ್‌ಡ್ರೈವ್ ತೆಗೆದಳು.

* * *

ಎಕೋ ಕೋಣೆಯ ಬಾಗಿಲು ಹಾಕಿಕೊಂಡು, ಪೆನ್‌ಡ್ರೈವನ್ನು ಅಲ್ಲಿದ್ದ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದರು. ಹೊಸ ಡಾಕ್ಟರ್ ಒಂದೇ ನೋಟಕ್ಕೆ ಕುರ್ಚಿಯಿಂದ ಎದ್ದಳು.

"ಇದು ಅವಳದ್ದಲ್ಲ!"

"ಅಳತೆ ಬಿಟ್ಟು ಬೇರೆ ಸಾಕ್ಷಿ ಇದೆಯಾ?"

"ತೇಪೆ ಎಲ್ಲಿದೆ ಹೇಳಿ? ಅವಳ ತೂತಿಗೆ ತೇಪೆ ಹಾಕಿ ಹೊಲಿದಿದ್ದಾರೆ. ಎಕೋದಲ್ಲಿ ಅದು ಸುಣ್ಣದ ಗೆರೆ ಹಾಗೆ ಬೆಳ್ಳಗೆ ಹೊಳೆಯುತ್ತೆ. ಈಗಷ್ಟೇ ನೋಡಿದ್ರಲ್ಲ? ಇಲ್ಲಿ ಗೋಡೆ ನುಣ್ಣಗಿದೆ. ಈ ಹೃದಯಕ್ಕೆ ಯಾರೂ ಕತ್ತರಿ ಮುಟ್ಟಿಸಿಲ್ಲ. ಇದು ದೊಡ್ಡ ಮನುಷ್ಯರದ್ದು." ಅವಳು ಇನ್ನೂ ಹತ್ತಿರ ಬಾಗಿದಳು. "ಅಷ್ಟೇ ಅಲ್ಲ. ಇಲ್ಲಿ ನೋಡಿ, ದೇಹಕ್ಕೆ ರಕ್ತ ಹೋಗೋ ದೊಡ್ಡ ಕವಾಟ. ಎಲ್ಲರಿಗೂ ತೆರೆದು ಮುಚ್ಚೋ ಮೂರು ಎಲೆ ಇರುತ್ತೆ. ಇದಕ್ಕೆ ಎರಡೇ. ಮೀನು ಬಾಯಿ ತೆರೆದ ಹಾಗೆ ತೆರೀತಿದೆ."

"ಅಂದ್ರೆ ಬೆರಳಚ್ಚು ಸಿಕ್ಕ ಹಾಗಾಯ್ತು," ಅಂದಳು ಸೂಜಿ. ಮೆಲ್ಲಗೆ ಜೆಲ್ಲಣ್ಣನ ಕಡೆ ತಿರುಗಿದಳು. "ಯಂತ್ರ ನಿಮ್ಮ ಕೈಯಲ್ಲೇ ಇರೋದು, ಅಲ್ವಾ ಅಣ್ಣಾ? ಮಗು ಅಳ್ತು, ಪುರುಸೊತ್ತು ಇರಲಿಲ್ಲ, ಪ್ರೋಬ್ ನಿಮ್ಮ ಎದೆಗೇ ಇಟ್ಕೊಂಡ್ರಿ. ಯಾರು ಕೇಳ್ತಾರೆ ಅಂತ."

ಜೆಲ್ಲಣ್ಣನ ಮುಖ ಕೆಂಪೇರಿತು. ಅವನು ಅಂಗಿ ಕಳಚಿ ಎಸೆದು ಹಾಸಿಗೆ ಮೇಲೆ ಅಡ್ಡಾದ.

"ನೋಡಿ! ಡಾಕ್ಟರಮ್ಮಾ, ನೀವೇ ಇಟ್ಟು ನೋಡಿ. ಇಂಥ ಮಾತು ಕೇಳೋ ಬದಲು ಎದೆ ಬಗೆದೇ ತೋರಿಸ್ತೀನಿ."

"ಬಗೆಯೋದು ಬೇಡ, ಜೆಲ್ ಸಾಕು," ಅಂದ ಪೇದೆ, ಕರವಸ್ತ್ರದ ಒಳಗಿಂದ.

ಹೊಸ ಡಾಕ್ಟರ್ ಪ್ರೋಬ್ ಇಟ್ಟಳು. ಮೂರು ಎಲೆ. ಅಚ್ಚುಕಟ್ಟಾಗಿ ತೆರೆದು ಮುಚ್ಚುತ್ತಿದ್ದವು.

"ತಪ್ಪಾಯ್ತು ಅಣ್ಣಾ," ಅಂದಳು ಸೂಜಿ. ಅಂಗಿ ಎತ್ತಿ ತಾನೇ ಕೊಟ್ಟಳು. "ಅವತ್ತು ನೀವೆಲ್ಲಿದ್ರಿ?"

"ಹುಡುಗಿ ಹೆಸರು ಯಂತ್ರದಲ್ಲಿ ತೆರೆದು, ಅವಳನ್ನ ಪಕ್ಕದ ಮಂಚದ ಮೇಲೆ ಮಲಗಿಸಿದ್ದೆ. ಅಷ್ಟರಲ್ಲಿ ದೊಡ್ಡ ಡಾಕ್ಟರು ಕೋಟು ಹಾಕಿದ ದೊಡ್ಡ ದೊಡ್ಡೋರನ್ನೆಲ್ಲ ಕರ್ಕೊಂಡು ಬಂದ್ರು, ಹೊಸ ಯಂತ್ರ ತೋರಿಸೋಕೆ. ಯಂತ್ರ ಮಾರಿದವರ ಕಡೆಯವನೊಬ್ಬ, ಫೋಟೋದವನೊಬ್ಬ. ನೀನು ಹೋಗಿ ಎಲ್ಲರಿಗೂ ಕಾಫಿ ಹೇಳು ಅಂತ ನನ್ನನ್ನ ಆಚೆ ಕಳಿಸಿದ್ರು. ವಾಪಸ್ ಬರೋಷ್ಟರಲ್ಲಿ ಮಗುನ ಕಳಿಸಿಬಿಟ್ಟಿದ್ರು. ಎಕೋ ನಾನೇ ಮಾಡಿದೆ, ಎಲ್ಲಾ ನಾರ್ಮಲ್ ಅಂತ ದೊಡ್ಡ ಡಾಕ್ಟರು ಅಂದ್ರು. ಅವರ ಮಾತು ಮೀರಿ ನಾನು ಕೇಳ್ತೀನಾ?"

ಫೋಟೋದವನು. ಸೂಜಿಯ ತಲೆಯಲ್ಲಿ ಗೋಡೆಯ ಫೋಟೋದ ಹೊಟ್ಟೆ ಹೊಳೆಯಿತು.

"ಡಾಕ್ಟರೇ, ನೀವು ಆ ಲ್ಯಾಪ್‌ಟಾಪ್ ತಗೊಂಡು ದೊಡ್ಡ ಡಾಕ್ಟರ ಕೋಣೆಗೆ ಬನ್ನಿ. ಅದಕ್ಕೆ ಮುಂಚೆ ಇನ್ನೊಂದು ಕೆಲಸ ಇದೆ."

ಆಕೆ ಐಸಿಯು ಬಾಗಿಲಿಗೆ ಹೋದಳು. ನರ್ಸ್ ಬಾಯಿ ತೆರೆದಳು. ಸೂಜಿ ಅವಳ ಮುಖವನ್ನೇ ನೋಡಿದಳು. ನರ್ಸ್ ಬಾಗಿಲು ತೆರೆದಳು. ತಾಯಿ ಒಳಗೆ ಹೋಗಿ ಹಾಸಿಗೆಯ ಬುಡದಲ್ಲಿ ಕೂತಳು. ಎರಡು ಪಾದಗಳನ್ನೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಉಜ್ಜಿ, ಒಂದೊಂದಾಗಿ ಸಾಕ್ಸ್ ಹಾಕಿದಳು. "ಪ್ರತಿ ವರ್ಷ ಇದೇ ಮಾದರೀಲಿ ಹೆಣೀತೀನಿ ಮೇಡಂ, ಇವಳಿಗೆ ಇದೇ ಬೇಕು."

ಸೂಜಿ ಆ ಬಿಳಿ ಪಟ್ಟಿಯನ್ನು ಚೆನ್ನಾಗಿ ನೋಡಿಕೊಂಡಳು.

* * *

"ಬರೆದಿರಾ?" ಕೇಳಿದರು ದೊಡ್ಡ ಡಾಕ್ಟರು, ತಲೆ ಎತ್ತದೆ.

"ಒಂದು ಸಣ್ಣ ಅನುಮಾನ ಇದೆ ಸರ್." ಸೂಜಿ ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲಿಟ್ಟಳು. ಹೊಸ ಡಾಕ್ಟರ್ ಬಾಗಿಲ ಬಳಿ ನಿಂತಳು. "ಇದು ಹುಡುಗಿಯದ್ದೇ ಚಿತ್ರ ಅಲ್ವಾ?"

"ಮೇಲೆ ಹೆಸರಿದೆಯಲ್ಲ!"

"ನಿಮ್ಮ ಡಾಕ್ಟರು ಹೇಳ್ತಾರೆ, ಈ ಹೃದಯದಲ್ಲಿ ದೊಡ್ಡ ಕವಾಟಕ್ಕೆ ಎರಡೇ ಎಲೆಯಂತೆ. ವಯಸ್ಸಾಗ್ತಾ ಗಟ್ಟಿಯಾಗಿ, ಒಂದು ದಿನ ಉಸಿರು ಕಟ್ಟಿಸುತ್ತಂತೆ. ರಕ್ತನಾಳ ಬೇರೆ ಹಿಗ್ಗುತ್ತಂತೆ."

"ಹುಚ್ಚು ಮಾತು. ಮೂರು ಎಲೆ ಸರಿಯಾಗೇ ಇದೆ."

"ನೋಡಿ ಹೇಳಿ ಸರ್," ಅಂದಳು ಹೊಸ ಡಾಕ್ಟರ್.

ಅವರು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ಮೂಗು ಪರದೆಗೆ ತಾಗುವಷ್ಟು ಬಾಗಿ ನೋಡಿದರು. ಮೀನು ಬಾಯಿ ತೆರೆಯಿತು, ಮುಚ್ಚಿತು. ಅವರ ಹಣೆಯಲ್ಲಿ ಬೆವರು ಒಡೆಯಿತು. ಎಡಗೈ ಮೆಲ್ಲಗೆ ಮೇಲೆದ್ದು ಅವರದೇ ಎದೆಯ ಮೇಲೆ ಹೋಗಿ ಕೂತಿತು.

ಸೂಜಿ ಆ ಕೈಯನ್ನು ತೋರಿಸಿದಳು.

"ಹುಡುಗಿ ಬದುಕ್ತಾಳಾ ಅಂದಾಗ ಗಡಿಯಾರ ನೋಡಿದ್ರಿ," ಅಂದಳು ಸೂಜಿ. "ಈಗ ಎದೆ ಮುಟ್ಟಿಕೊಂಡ್ರಿ. ಇದು ಯಾರದ್ದು ಅಂತ ನಾನು ಇನ್ನು ಕೇಳ್ಬೇಕಾ?"

ಕೈ ಥಟ್ಟನೆ ಕೆಳಗಿಳಿಯಿತು. "ಏನು ಮಾತಾಡ್ತಿದ್ದೀರಿ? ಅವತ್ತು ಆ ಮಗುಗೆ ನಾನೇ ಎಕೋ ಮಾಡಿದ್ದೀನಿ."

ಸೂಜಿ ಗೋಡೆಯ ಹತ್ತಿರ ಹೋಗಿ ಫೋಟೋ ಕೆಳಗಿಳಿಸಿದಳು. ಮಲಗಿ ನಗುವ ದೊಡ್ಡ ಡಾಕ್ಟರು. ಎದೆಯ ಮೇಲೆ ಪ್ರೋಬ್ ಹಿಡಿದ, ಯಂತ್ರ ಮಾರಿದವರ ಕಡೆಯವನು. ಚಪ್ಪಾಳೆ ತಟ್ಟುವ ಕೋಟುಗಳು. ಎಡಮೂಲೆಯಲ್ಲಿ, ಚೌಕಟ್ಟು ಅರ್ಧ ಕತ್ತರಿಸಿದ ಒಂದು ಪುಟ್ಟ ಮಂಚ. ಮಂಚದ ತುದಿಯಲ್ಲಿ ಎರಡು ಪುಟ್ಟ ಪಾದ. ಕೆಂಪು ಸಾಕ್ಸ್. ಹಿಮ್ಮಡಿಗೆ ಬಿಳಿ ಪಟ್ಟಿ.

"ಆ ತಾಯಿ ಪ್ರತಿ ವರ್ಷ ಅದೇ ಮಾದರೀಲಿ ಹೆಣೀತಾಳೆ. ಕಾಲು ದೊಡ್ಡದಾಗುತ್ತೆ, ಪಟ್ಟಿ ಬದಲಾಗಲ್ಲ." ಸೂಜಿಯ ದನಿ ಏರಿತು. ಆಕೆ ಅದನ್ನು ಇಳಿಸಲಿಲ್ಲ. "ಯಂತ್ರದಲ್ಲಿ ಹುಡುಗಿ ಹೆಸರು ತೆರೆದಿತ್ತು. ಸರದಿ ಅವಳದ್ದು. ನೀವು ಜಂಬಕ್ಕೆ ಮಲಗಿದ್ರಿ. ಹೆಸರು ಬದಲಾಯಿಸೋ ಮನುಷ್ಯನನ್ನ ಕಾಫಿಗೆ ಕಳಿಸಿದ್ರಿ. ನಿಮ್ಮ ಎದೆ ಅವಳ ಹೆಸರಲ್ಲಿ ಹೋಗಿ ಕೂತ್ಕೊಳ್ತು. ನಿಮ್ಮ ಮೆರವಣಿಗೆ ಮುಗಿಯೋಷ್ಟರಲ್ಲಿ ಸಿರಪ್ಪಿನ ನಿದ್ದೆ ಮುಗೀತು, ಮಗು ಎದ್ದು ಕಿರುಚ್ತು. ಮತ್ತೆ ಮಲಗಿಸಿ ಕಾಯೋಕೆ ನಿಮಗೆ ಪುರುಸೊತ್ತಿರಲಿಲ್ಲ. ಎದೆಗೆ ಒಂದು ತೊಟ್ಟು ಜೆಲ್ ಹಾಕದೆ ನಾರ್ಮಲ್ ಅಂತ ಬರೆದು ಕಳಿಸಿದ್ರಿ."

"ತಪ್ಪು ಯಾರಿಂದ್ಲೂ ಆಗ..."

"ಅಲ್ಲಿಗೆ ನಿಂತಿದ್ರೆ ತಪ್ಪು ಅನ್ನಬಹುದಿತ್ತು. ನಿನ್ನೆ ಮಗು ಬಿತ್ತು. ಎಕೋ ಮಾಡಿಲ್ಲ ಅಂತ ನಿಮಗೆ ಗೊತ್ತಿತ್ತು. ಆ ಚಿತ್ರ ನಿಮ್ಮದೇ ಅಂತಲೂ ಗೊತ್ತಿತ್ತು. ಅದಕ್ಕೇ ಇವರಿಗೆ ತೋರಿಸಲಿಲ್ಲ. ನನಗೆ ತೋರಿಸಿದ್ರಿ, ಪೊಲೀಸರಿಗೆ ಬೂದು ಹೊಗೆ ಬಿಟ್ರೆ ಏನೂ ಕಾಣಲ್ಲ ಅಂತ. ಯಾರೂ ಬಾಯಿ ತೆರೆಯೋ ಮುಂಚೇನೇ ತಾಯಿ ತಲೆಗೆ ಕಟ್ಟಿದ್ರಿ. ಮಗುನ ಕಿತ್ಕೊಳ್ಳೋಕೆ ಸಂಜೆಗೆ ಜನ ಬೇರೆ!"

"ಒಂದು ಸಲ, ಒಂದೇ ಸಲ ಸರಿಯಾಗಿ ನೋಡಿದ್ರೆ ಸಾಕಿತ್ತು ಸರ್," ಅಂದಳು ಹೊಸ ಡಾಕ್ಟರ್. ಅವಳು ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದಳು. "ಅವತ್ತೇ ಮಗುನ ನೋಡಿದ್ರೆ ಉಬ್ಬೋದು ಕಾಣ್ತಿತ್ತು, ಕವಾಟ ಹಾಕಿಸಬಹುದಿತ್ತು. ಅವಳ ಒಂದು ವರ್ಷ ಕದ್ದಿದ್ದೀರಿ. ಅದರ ಬದಲು ಇಟ್ಟ ಚಿತ್ರವನ್ನೂ ನೋಡಲಿಲ್ಲ. ನೋಡಿದ್ರೆ ನಿಮ್ಮ ಕವಾಟದ ದೋಷವಾದ್ರೂ ಸಿಗ್ತಿತ್ತು."

ಪೇದೆ ಮೂಗಿನಿಂದ ಕರವಸ್ತ್ರ ತೆಗೆದು ಜೇಬಿಗೆ ಹಾಕಿಕೊಂಡ. ಫೋಟೋವನ್ನು ಸೂಜಿಯ ಕೈಯಿಂದ ತೆಗೆದುಕೊಂಡು, ಸಾಕ್ಷಿ ಕಟ್ಟುವ ಹಳದಿ ಕಾಗದದಲ್ಲಿ ಸುತ್ತತೊಡಗಿದ.

* * *

ಮೊಗಸಾಲೆಯಲ್ಲಿ ಹುಡುಗಿಯ ಮಂಚವನ್ನು ಲಿಫ್ಟಿನ ಕಡೆ ಉರುಳಿಸುತ್ತಿದ್ದರು. ಅವಳ ಆಪರೇಷನ್ ಮಾಡಿದ್ದ ಹಳೆಯ ಸರ್ಜನ್ ಬೇರೆ ಆಸ್ಪತ್ರೆಯಲ್ಲಿದ್ದರು. ಹೊಸ ಡಾಕ್ಟರ್ ಅವರ ಜೊತೆ ಮಾತಾಡಿದ್ದಳು. ಈಗಲೇ ಕರೆತನ್ನಿ, ಕಷ್ಟ, ಆದರೆ ಕೈ ಮೀರಿಲ್ಲ ಅಂದಿದ್ದರು. ತಾಯಿ ಮಂಚದ ಸರಳು ಹಿಡಿದು ಜೊತೆಗೇ ನಡೆಯುತ್ತಿದ್ದಳು. ಸೂಜಿ ಎಲ್ಲವನ್ನೂ ಹೇಳಿದ್ದಳು. ಅವಳು ಅತ್ತಿರಲಿಲ್ಲ. ಫ್ರಾಕು ಒಣಗಿತ್ತು, ನಾನು ಖುಷಿಪಟ್ಟೆ ಎಂದಷ್ಟೇ ಎರಡು ಸಲ ಹೇಳಿದ್ದಳು.

ಪೇದೆಯ ಜೊತೆ ಸ್ಟೇಷನ್ನಿಗೆ ಹೊರಟಿದ್ದ ದೊಡ್ಡ ಡಾಕ್ಟರು ಅವಳನ್ನು ಕಂಡು ಒಮ್ಮೆಲೇ ಮುಂದೆ ಬಂದರು. ಪೇದೆ ತೋಳು ಹಿಡಿದ.

"ಅಮ್ಮಾ, ಒಂದು ನಿಮಿಷ. ಮಗುನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ. ನಾನೇ ಮುಂದೆ ನಿಂತು ಎಲ್ಲಾ ಮಾಡಿಸ್ತೀನಿ. ದೇಶದಲ್ಲೇ ಒಳ್ಳೇ ಸರ್ಜನ್ನನ್ನ ಇಲ್ಲಿಗೇ ಕರೆಸ್ತೀನಿ. ಒಂದು ಪೈಸೆ ಕೊಡೋದು ಬೇಡ. ದೂರು ವಾಪಸ್ ತಗೋತೀನಿ. ನೀವೂ ಇದನ್ನ ಇಲ್ಲಿಗೇ ಬಿಟ್ಬಿಡಿ. ಇಲ್ಲಿ ನೋಡಿ..." ಅವರು ಮಂಚದ ಕಡೆ ಕೈ ಚಾಚಿದರು. "ಈಗಲೇ ನಾನೇ ಇನ್ನೊಂದು ಸಲ ಎಕೋ ನೋಡ್ತೀನಿ. ಸರಿಯಾಗಿ ನೋಡ್ತೀನಿ."

ತಾಯಿ ಮಂಚಕ್ಕೂ ಆ ಕೈಗೂ ನಡುವೆ ಬಂದು ನಿಂತಳು.

"ಬೇಡ," ಅಂದಳು.